ಆರೂವರಿ

ಗ್ಲೌಸಿನ ಖಾಲಿ ಡಬ್ಬಿ ಕತ್ತರಿಸಿ ಚೀಟಿ ಮಾಡ್ಯಾಳ ದೀನಮಣಿ,
ಒಂದು ಬದಿ ಇಂಗ್ಲಿಷು, ಇನ್ನೊಂದು ಬದಿ ಅದರ ಅರ್ಥ.
ಫ್ರಿಜ್ಜಿನ ಮ್ಯಾಲ ಹದಿನಾರು, ಕನ್ನಡಿಗೆ ಒಂಬತ್ತು,
ಉಳಿದದ್ದೆಲ್ಲಾ ನನ್ನ ನೀರಿನ ಟ್ಯಾಂಕರಿನಾಗ,
ಬಿಸಿಲು ತಡಿಯೋ ಹಲಗಿಗೆ ರಬ್ಬರ್ ಬ್ಯಾಂಡು ಹಾಕಿ.

ಸೋಹಾರ್ ಆಸ್ಪತ್ರೆಯಿಂದ ಮುಂಜಾನೆ ಬರ್ತಾಳ,
ಕಣ್ಣು ಕೆಂಪು, ಶೂ ಕೈಯಾಗ.
'ಕೇಳ್ರಿ' ಅಂತಾಳ. ಕೇಳ್ತೀನಿ.
ಏಳನೇತ್ತಾ ಫೇಲಾದ ಮಾಸ್ತರ ನಾ;
ಬಾಯಿಗೆ ಬಂದಂಗ ಓದಿದರ ನಕ್ಕು ತಿದ್ದತಾಳ,
ತಿದ್ದಿದ್ದು ಆಕಿಗೆ ಬಾಯಿಪಾಠ ಆಗ್ತದ.
ಹಿಂಗ ನನ್ನ ತಪ್ಪಿಗೂ ಒಂದು ಪಗಾರ.

ಮೊನ್ನೆ ಅಕಾಮಡೇಷನ್ ಅನ್ನೋ ಚೀಟಿ ಬಂತು.
'ಎರಡು ಸಿ, ಎರಡು ಎಂ, ಮರೀಬಾರದು' ಅಂದ್ಲು ತನಗ ತಾನ.
ನಾ ಹೆಂಗ ಮರೀಲಿ, ಅದರೊಳಗ ಆರು ವರ್ಷ ಇದ್ದೆ:
ಕಂಪನಿ ಕೊಟ್ಟ ಅಕಾಮಡೇಷನ್, ಲಿವಾ ಕಡೆ,
ಮ್ಯಾಲೊಂದು ಕೆಳಗೊಂದು ಮಂಚ,
ಎಂಟು ಮಂದಿ
ಆ ಒಂದ ಶಬ್ದದೊಳಗ, ಒಂದ ಫ್ಯಾನಿನ ಕೆಳಗ.

ನೋವಿಗೇ ಇಪ್ಪತ್ತೆರಡು ಚೀಟಿ.
ಸಿಡಿಯೋದಕ್ಕೊಂದು, ಚುಚ್ಚೋದಕ್ಕೊಂದು,
ಉರಿಗೊಂದು, ಜೋಮಿಗೊಂದು,
ಬಂದು ಬಂದು ಹೋಗೋದಕ್ಕ ಬ್ಯಾರೆ ಒಂದು.
ಎಲ್ಲಾ ಹೇಳಿ ಮುಗಿಸಿ ಸೋಫಾದಾಗ ಒರಗಿ
'ಕಾಲು ಹರೀತಾವ್ರಿ' ಅಂದ್ಲು.
ಹುಡುಕಿದೆ. ಅದಕ್ಕ ಚೀಟಿ ಇದ್ದಿಲ್ಲ.
ಇದ್ದಂಗ ಇಂಗ್ಲಿಷಿನಾಗ ಹೇಳಿದರ
ಡಾಕ್ಟರು ಹೊಲಿಗಿ ದಾರ ತರಸ್ತಾರ.
ಬೆಟಗೇರಿಯಾಗ ಕುಣಿಮಗ್ಗದಿಂದ ಎದ್ದು
ಅವ್ವ ದಿನಾ ಸಂಜಿಗೆ ಅಂತಿದ್ದ ಮಾತದು,
ಎಣ್ಣಿ ಹಚ್ಚೋದು ಬಿಟ್ಟರ ಉತ್ತರ ಇದ್ದಿಲ್ಲ.
ಎಣ್ಣಿ ತಂದೆ.

ನನಗೋ ನಲವತ್ತು ಮಾತು ಸಾಕು.
ಮಾಯ್ ಅಂದ್ರ ನೀರು. ಫುಲ್, ನುಸ್, ಮಾಫಿ:
ತುಂಬ್ಯಾದ, ಅರ್ಧ, ಇಲ್ಲ.
ಹನ್ನೊಂದು ವರ್ಷ ಈ ನಲವತ್ತರಾಗ
ಜಗಳಾಡೇನಿ, ಸಾಲ ಕೊಟ್ಟೇನಿ, ವಸೂಲಿ ಮಾಡೇನಿ.
ಪಠಾಣ ಗುಲ್ಜರೀನ್ ನಿದ್ದಿಯಾಗ ತೀರಿಕೊಂಡಾಗ
ಅವನ ಅಣ್ಣಗ ಫೋನು ಹಚ್ಚಿದಾವ ನಾನ.
'ಗುಲ್ಜರೀನ್ ಮಾಫಿ' ಅಂದೆ.
ಆ ಕಡೆ ಬಾಳ ಹೊತ್ತು ಬರೇ ಗಾಳಿ ಸಪ್ಪಳ.
ನಾಕು ಸಾವಿರ ಶಬ್ದ ಇದ್ದಿದ್ದರ
ಏನಂತಿದ್ದೆನೋ, ಇನ್ನೂ ಹೊಳದಿಲ್ಲ.

ಪರೀಕ್ಷಾದ ದಿನ ಮಸ್ಕತ್ತಿನ ತನಕ
ದಾರಿಯುದ್ದಕ್ಕೂ ಆಕಿ ಬಾಯಿ ಬಿಡಲಿಲ್ಲ,
ತೆರೆದರ ಚೆಲ್ಲತಾವ ಅನ್ನೋ ಹಂಗ
ತುಂಬಿದ ಟ್ಯಾಂಕರಿನ ಜಾಗರೂಕತಿ.
ಒಳಗ ಒಬ್ಬ ಹೆಣ್ಣುಮಗಳು ಗಡಿಯಾರ ಇಟ್ಟು ಕೇಳಿದ್ಲಂತ:
ನಿಮ್ಮ ಮನಿ ಬಗ್ಗೆ ಎರಡು ನಿಮಿಷ ಮಾತಾಡ್ರಿ.
ನಲವತ್ತು ಸೆಕೆಂಡಿಗೆ ನಿಂತುಬಿಟ್ಲು.
'ಯಾವ ಮನಿ ಅಂತ ಕೇಳಬೇಕಂತ ಮಾಡಿದ್ದೆ,
ಕೇಳಬಹುದೋ ಇಲ್ಲೋ ಗೊತ್ತಾಗಲಿಲ್ಲ' ಅಂದ್ಲು
ಪೆಟ್ರೋಲ್ ಪಂಪಿನಾಗ ಚಾ ಕುಡಿಯುವಾಗ.

ಕೇಳೋದು ಎಂಟು. ಓದೋದು ಏಳೂವರಿ. ಬರಿಯೋದು ಏಳು.
ಮಾತು ಆರೂವರಿ.
ಏಳು ಬೇಕಿತ್ತು.
ಫೋನು ಬೋರಲು ಹಾಕಿ ಹಿಟ್ಟು ನಾದಿದ್ಲು,
ಇಬ್ಬರಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

ಮರುದಿನ ಶಮ್ಸಾ ಅಜ್ಜಿ ಮನಿಗೆ ನೀರು.
ಖರ್ಜೂರ ಕೈಗೆ ಕೊಟ್ಟು ಕೇಳಿದ್ಲು: 'ಮದಾಮ್ ಪಾಸ್?'
ಪೈಪು ಹಿಡಕೊಂಡ 'ನುಸ್ ಮಾಫಿ' ಅಂದೆ.
ಅಜ್ಜಿ ಟಾಕಿಯೊಳಗ ಬಗ್ಗಿ ನೋಡಿದ್ಲು,
ನೀರಿನ ಮಾತಂತ ತಿಳಕೊಂಡ್ಲೋ ಏನೋ,
'ಬುಕ್ರಾ ಜೀಬ್' ಅಂದ್ಲು:
ಉಳಿದರ್ಧ ನಾಳಿ ತಂದು ಹಾಕು.

ಮನಿಗೆ ಬಂದು ಹೇಳಿದೆ.
ದೀನಮಣಿ ನಗಲಿಲ್ಲ.
ಡ್ಯೂಟಿಯಿಂದ ಇನ್ನೊಂದು ಖಾಲಿ ಡಬ್ಬಿ ತಂದಿದ್ಲು,
ಮೀಡಿಯಂ ಸೈಜಿಂದು.
ಕತ್ತರಿ ಎಲ್ಲಿಟ್ಟೀರಿ ಅಂತ ಕೇಳಿದ್ಲು.